ಪಾದಕ್ಕೆ ನಿದ್ದೆ, ರೋಗಿಗೆ ಎಚ್ಚರ

ಧಾರವಾಡ ಸೀಮೆಯ ಎರೆ ಹೊಲಗಳಲ್ಲಿ ದುಡಿದ ಹಿರಿಯರ ಚಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಗಳ ಜೊತೆಗೆ ಒಂದು ಸಣ್ಣ ಚಿಮಟವೂ ಇರುತ್ತಿತ್ತು. ಜಾಲಿಯ ಮುಳ್ಳು ಪಾದಕ್ಕೆ ನಟ್ಟರೆ ಬದುವಿನ ಮೇಲೆ ಕುಳಿತು ಅದನ್ನು ಕಿತ್ತು ಮತ್ತೆ ಕೆಲಸಕ್ಕೆ ಇಳಿಯುವುದು ವಾಡಿಕೆ. ಮುಳ್ಳು ಆಳಕ್ಕೆ ಹೋಗಿ ಮುರಿದು, ಪಾದ ಬಾತು ಕೀವು ತುಂಬಿದರೆ ಮಾತ್ರ ಕಥೆ ಬೇರೆಯಾಗುತ್ತಿತ್ತು. ನಾಲ್ಕು ಮಂದಿ ಕಾಲನ್ನು ಅದುಮಿ ಹಿಡಿಯಬೇಕು, ತಿಳಿದವನೊಬ್ಬ ಕೊಯ್ಯಬೇಕು. ‘ತಡಕೋ ತಮ್ಮಾ, ಆತು, ಇನ್ನೊಂದೀಟು’ ಎಂಬ ಮಾತೇ ಆಗಿನ ಅರಿವಳಿಕೆ.

ಇಂದು ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಅಂಥದೇ ಪಾದವನ್ನು ಹೊತ್ತು ಆಸ್ಪತ್ರೆಗೆ ಬಂದ ರೈತನಿಗೆ ಅರಿವಳಿಕೆ ತಜ್ಞರು ಕಾಲಿನ ಹರಡಿನ ಸುತ್ತ ಕೆಲವು ಕಡೆ ಸೂಜಿ ಚುಚ್ಚಿ ಔಷಧ ಕೊಡಬಲ್ಲರು. ಸ್ವಲ್ಪ ಹೊತ್ತಿನಲ್ಲಿ ಪಾದ ಮರಗಟ್ಟುತ್ತದೆ. ಪರದೆಯ ಆಚೆ ಶಸ್ತ್ರವೈದ್ಯರು ಬೆರಳನ್ನು ಕೊಯ್ಯುತ್ತಿದ್ದರೆ, ಈಚೆ ರೋಗಿ ಮಳೆ ಬೆಳೆಯ ಮಾತಾಡುತ್ತ ಮಲಗಿರಬಹುದು. ನಾಲ್ಕು ಮಂದಿಯ ಹಿಡಿತದಿಂದ ಈ ಸೂಜಿಯವರೆಗೆ ಬರಲು ವೈದ್ಯಶಾಸ್ತ್ರ ಬಹಳ ದೂರ ನಡೆದಿದೆ. ಈ ದಾರಿಯ ಮುಖ್ಯ ತಿರುವುಗಳಲ್ಲಿ ಎರಡು ಬಂದದ್ದು ಪಾದದ ಶಸ್ತ್ರಚಿಕಿತ್ಸೆಯಲ್ಲಿಯೇ.

ಒಂದು ಉಗುರಿಗಾಗಿ ಒಂದು ಜೀವ

ಕೊಯ್ಯುವ ಮೊದಲು ನೋವನ್ನು ಮರೆಸಬೇಕೆಂಬ ಯೋಚನೆ ಹಳೆಯದು. ಶಸ್ತ್ರಕ್ಕೆ ಮೊದಲು ರೋಗಿಗೆ ಊಟ ಕೊಡಬೇಕು, ಕುಡಿಯುವ ಅಭ್ಯಾಸವಿದ್ದವರಿಗೆ ಕಡುಮದ್ಯ ಕುಡಿಸಬೇಕು ಎಂದು ಸುಶ್ರುತ ಸಂಹಿತೆಯೇ ಹೇಳುತ್ತದೆ. ಆದರೆ ನಂಬಿಕೆಗೆ ಅರ್ಹವಾದ ಅರಿವಳಿಕೆ ದೊರೆತದ್ದು 1846ರ ಅಕ್ಟೋಬರ್ 16ರಂದು. ಅಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರಿನ ಆವಿ ಕುಡಿಸಿ ರೋಗಿಯನ್ನು ಮಲಗಿಸಿದ, ಶಸ್ತ್ರವೈದ್ಯರು ಅವನ ಕುತ್ತಿಗೆಯ ಗಡ್ಡೆಯನ್ನು ಕೊಯ್ದರು. ಐದೇ ತಿಂಗಳಲ್ಲಿ, 1847ರ ಮಾರ್ಚ್‌ನಲ್ಲಿ, ಕಲ್ಕತ್ತೆಯಲ್ಲಿ ಈಥರ್ ಬಳಕೆಗೆ ಬಂತು. ಹಡಗಿನ ಕಾಲದಲ್ಲಿ ಇದು ಸಣ್ಣ ವೇಗವಲ್ಲ. ಅದೇ ವರ್ಷದ ನವೆಂಬರಿನಲ್ಲಿ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಈಥರಿಗಿಂತ ಬೇಗ ಮಲಗಿಸುವ ಈ ದ್ರವ ಬಹುಬೇಗ ಮನೆಮಾತಾಯಿತು.

ಮನೆಮಾತಾದ ಎರಡು ತಿಂಗಳಿಗೇ ಅದರ ಬೆಲೆಯೂ ತಿಳಿಯಿತು. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯ ಒಂದು ಹಳ್ಳಿಯಲ್ಲಿ ಹದಿನೈದು ವರ್ಷದ ಹ್ಯಾನಾ ಗ್ರೀನರ್ ಎಂಬ ಹುಡುಗಿಗೆ ಕಾಲ್ಬೆರಳಿನ ಉಗುರು ತೆಗೆಯಬೇಕಿತ್ತು. ಕ್ಲೋರೋಫಾರ್ಮ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಅವಳು ತೀರಿಕೊಂಡಳು. ಕ್ಲೋರೋಫಾರ್ಮಿನಿಂದ ಆದ ಸಾವು ಎಂದು ದಾಖಲಾದ ಮೊದಲ ಪ್ರಕರಣ ಇದು. ನೋಯುತ್ತಿದ್ದದ್ದು ಒಂದು ಬೆರಳ ತುದಿ. ಅದಕ್ಕಾಗಿ ಮಿದುಳು, ಉಸಿರು, ಹೃದಯ ಎಲ್ಲವನ್ನೂ ಔಷಧದ ಕೈಗೆ ಒಪ್ಪಿಸಬೇಕಾಗಿತ್ತು. ನೋವು ಇರುವ ಜಾಗವನ್ನಷ್ಟೇ ಮಲಗಿಸಲು ಸಾಧ್ಯವಿಲ್ಲವೇ ಎಂಬ ಪ್ರಶ್ನೆಗೆ ಮುಂದೆ ಮೂವತ್ತಾರು ವರ್ಷ ಉತ್ತರ ಸಿಗಲಿಲ್ಲ.

ಧಾರವಾಡ ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ಗದಗ ದಾಟಿ ಕೊಪ್ಪಳದ ಕಡೆ ಹೋದರೆ ನಿಜಾಮರ ಸೀಮೆ. ಕ್ಲೋರೋಫಾರ್ಮ್ ಕೊಲ್ಲುವುದು ಹೃದಯವನ್ನು ನಿಲ್ಲಿಸಿಯೋ, ಉಸಿರನ್ನು ನಿಲ್ಲಿಸಿಯೋ ಎಂಬ ಜಗತ್ತಿನ ದೊಡ್ಡ ವಾದ ನಡೆದದ್ದು ಆ ನಿಜಾಮರ ರಾಜಧಾನಿಯಲ್ಲಿಯೇ. ಹೈದರಾಬಾದಿನ ವೈದ್ಯ ಶಾಲೆಯ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿದರು. ಖರ್ಚಿನ ಭಾರ ಹೊತ್ತವರು ನಿಜಾಮರು. ಎರಡನೆಯ ಆಯೋಗಕ್ಕೆ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯ ಪರವಾಗಿ ಲಾಡರ್ ಬ್ರಂಟನ್ ಬಂದರು. ಆ ಕೆಲಸದಲ್ಲಿ ಕೈಜೋಡಿಸಿದ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಒಬ್ಬರು. ಉಸಿರನ್ನು ಕಾಯ್ದುಕೊಂಡರೆ ಸಾಕು, ಹೃದಯಕ್ಕೆ ಭಯವಿಲ್ಲ ಎಂಬುದು ಆಯೋಗದ ತೀರ್ಮಾನ. ಉಸಿರಿನ ಮೇಲೆ ಕಣ್ಣಿಡಿ ಎಂಬ ಬುದ್ಧಿಮಾತು ಸರಿ, ಹೃದಯದ ವಿಷಯ ತಪ್ಪು. ಕ್ಲೋರೋಫಾರ್ಮ್ ಹೃದಯದ ಬಡಿತವನ್ನೇ ಒಮ್ಮೆಗೇ ಕೆಡಿಸಬಲ್ಲದು ಎಂದು 1911ರಲ್ಲಿ ಇಂಗ್ಲೆಂಡಿನ ಗುಡ್‌ಮನ್ ಲೆವಿ ತೋರಿಸಿಕೊಟ್ಟರು. ಹ್ಯಾನಾಳ ಸಾವಿಗೆ ಇದೇ ಕಾರಣವಿರಬಹುದು ಎಂದು ಅನೇಕರು ನಂಬಿದ್ದಾರೆ.

ಕಣ್ಣಿನಿಂದ ಕಾಲಿಗೆ

ಅಂಗವೊಂದನ್ನೇ ಮಲಗಿಸುವ ದಾರಿ ತೆರೆದದ್ದು 1884ರಲ್ಲಿ, ವಿಯೆನ್ನಾ ನಗರದಲ್ಲಿ. ಕಾರ್ಲ್ ಕೋಲರ್ ಎಂಬ ತರುಣ ವೈದ್ಯ ಕೋಕಾ ಎಲೆಯಿಂದ ತೆಗೆದ ಕೊಕೇನನ್ನು ಮೊದಲು ಕಪ್ಪೆಯ ಕಣ್ಣಿಗೆ, ಆಮೇಲೆ ತನ್ನ ಕಣ್ಣಿಗೇ ಹಾಕಿ ನೋಡಿದ. ಗುಂಡುಸೂಜಿಯ ತಲೆಯನ್ನು ಕಣ್ಣಗುಡ್ಡೆಗೆ ತಾಗಿಸಿದರೂ ಏನೂ ತಿಳಿಯಲಿಲ್ಲ. ಸುದ್ದಿಯನ್ನು ಜರ್ಮನಿಯ ನೇತ್ರವೈದ್ಯರ ಸಮ್ಮೇಳನಕ್ಕೆ ಮುಟ್ಟಿಸಬೇಕು, ಹೋಗಿಬರಲು ಕೈಯಲ್ಲಿ ಹಣವಿಲ್ಲ. ಅವನ ಪ್ರಬಂಧವನ್ನು ಮತ್ತೊಬ್ಬರು ಓದಿದರು.

ಅದೇ ವರ್ಷದ ಕೊನೆಗೆ ನ್ಯೂಯಾರ್ಕಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಮತ್ತು ಜೊತೆಗಾರರು ಒಂದು ಹೆಜ್ಜೆ ಮುಂದೆ ಹೋದರು. ನೋಯುವ ಜಾಗಕ್ಕೆ ಔಷಧ ಹಚ್ಚುವ ಬದಲು, ಆ ಜಾಗದಿಂದ ಮಿದುಳಿಗೆ ಹೋಗುವ ನರದ ಪಕ್ಕದಲ್ಲಿ ಔಷಧ ಚುಚ್ಚಿದರು. ನರ ಸುದ್ದಿ ಒಯ್ಯುವುದನ್ನು ನಿಲ್ಲಿಸಿತು. ಅದು ಹರಡಿದ್ದ ಪ್ರದೇಶವೆಲ್ಲ ಮರಗಟ್ಟಿತು. ನರ್ವ್ ಬ್ಲಾಕ್ ಎಂದು ಇಂದು ಕರೆಯುವ ವಿಧಾನ ಹುಟ್ಟಿದ್ದು ಹೀಗೆ. ಹೊಲಕ್ಕೆ ನೀರು ಬರುವ ಕಾಲುವೆಯ ಬಾಯಿಗೆ ಒಡ್ಡು ಹಾಕಿದರೆ ಹೊಲದ ತುಂಬ ಓಡಾಡುವ ಕೆಲಸವಿಲ್ಲ, ಹಾಗೆ. ಆದರೆ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡ ಹಾಲ್‌ಸ್ಟೆಡ್ ಕೊಕೇನಿನ ಚಟಕ್ಕೆ ಬಿದ್ದರು. ಮುಂದೆ ಅಮೆರಿಕದ ಬಹುದೊಡ್ಡ ಶಸ್ತ್ರವೈದ್ಯರೆನಿಸಿಕೊಂಡರೂ ಆ ನೆರಳು ಅವರನ್ನು ಬಿಡಲಿಲ್ಲ.

ಪಾದದ ಎರಡನೆಯ ತಿರುವು 1898ರ ಆಗಸ್ಟ್ 16ರಂದು ಜರ್ಮನಿಯ ಕೀಲ್ ನಗರದಲ್ಲಿ ಬಂತು. ಕ್ಷಯ ತಗುಲಿದ ಒಬ್ಬ ಕೂಲಿಕಾರನ ಕಾಲಿನ ಹರಡಿನ ಕೀಲನ್ನು ಕೊಯ್ದು ತೆಗೆಯಬೇಕಾಗಿತ್ತು. ಆಗಸ್ಟ್ ಬಿಯರ್ ಎಂಬ ಶಸ್ತ್ರವೈದ್ಯರು ಅವನ ಬೆನ್ನುಹುರಿಯ ಸುತ್ತಲ ದ್ರವಕ್ಕೆ ಕೊಕೇನ್ ಚುಚ್ಚಿದರು. ಕಾಲು ಮರಗಟ್ಟಿತು, ಶಸ್ತ್ರಕ್ರಿಯೆ ನೋವಿಲ್ಲದೆ ಮುಗಿಯಿತು. ನಮ್ಮ ಜನ ಬೆನ್ನಿಗೆ ಸೂಜಿ ಎಂದು ಹೇಳುವ ಅರಿವಳಿಕೆಯ ಮೊದಲ ರೋಗಿ ಈ ಕೂಲಿಕಾರ.

ಎಂಟು ದಿನಗಳ ನಂತರ ಬಿಯರ್ ಮತ್ತು ಅವರ ಸಹಾಯಕ ಹಿಲ್ಡೆಬ್ರಾಂಟ್ ಒಬ್ಬರ ಮೇಲೊಬ್ಬರು ಪ್ರಯೋಗಕ್ಕೆ ಇಳಿದರು. ಬಿಯರ್ ಬೆನ್ನಿಗೆ ಸೂಜಿ ಹೋಯಿತು, ಆದರೆ ಸಿರಿಂಜು ಅದಕ್ಕೆ ಸರಿಯಾಗಿ ಕೂಡದೆ ಬೆನ್ನುಹುರಿಯ ದ್ರವ ಸೋರಿತು. ಆಗ ಹಿಲ್ಡೆಬ್ರಾಂಟ್ ತನ್ನ ಬೆನ್ನು ಒಡ್ಡಿದ. ಬಿಯರ್ ಅವನ ಕಾಲನ್ನು ಸೂಜಿಯಿಂದ ಚುಚ್ಚಿದರು, ಉರಿಯುವ ಚುಟ್ಟದಿಂದ ಸುಟ್ಟರು, ಮೊಣಕಾಲ ಕೆಳಗಿನ ಎಲುಬಿಗೆ ಸುತ್ತಿಗೆಯಿಂದ ಬಡಿದರು. ಅವನಿಗೆ ಏನೂ ಆಗಲಿಲ್ಲ. ಸಂಜೆ ಇಬ್ಬರೂ ವೈನ್ ಕುಡಿದು ಸಂಭ್ರಮಿಸಿದರು. ಮರುದಿನದಿಂದ ಬಿಯರ್‌ಗೆ ತಲೆಯೆತ್ತಲಾರದ ತಲೆನೋವು. ಮಲಗಿದರೆ ಇಳಿಯುವುದು, ಎದ್ದರೆ ಏರುವುದು. ಒಂಬತ್ತು ದಿನ ಹಾಸಿಗೆಯಲ್ಲೇ ಕಳೆದರು. ಹಿಲ್ಡೆಬ್ರಾಂಟನ ಕಾಲು ನೋವಿನಿಂದ ಊದಿಕೊಂಡಿತ್ತು. ನೋವು ತಿಳಿಯದಿದ್ದ ಮಾತ್ರಕ್ಕೆ ಪೆಟ್ಟು ಬೀಳಲಿಲ್ಲ ಎಂದಲ್ಲ. ಈ ಪಾಠ ಮುಂದೆ ಮತ್ತೆ ಬರುತ್ತದೆ.

ಕೊಕೇನಿಗೆ ಬದಲು ಬಂದ ಔಷಧಗಳ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1904-05ರಲ್ಲಿ ಜರ್ಮನಿಯ ಐನ್‌ಹಾರ್ನ್ ಅವರ ಪ್ರೋಕೇನ್ ಬಂತು, ಅದಕ್ಕೆ ಚಟ ಹಿಡಿಸುವ ಗುಣವಿರಲಿಲ್ಲ. 1943ರಲ್ಲಿ ಸ್ವೀಡನ್ನಿನ ಲಾಫ್‌ಗ್ರೆನ್ ಮತ್ತು ಲುಂಡ್‌ಕ್ವಿಸ್ಟ್ ಲಿಡೋಕೇನನ್ನು ಕಂಡುಹಿಡಿದರು. ಹಲ್ಲು ಕೀಳಿಸಿಕೊಂಡ ಪ್ರತಿಯೊಬ್ಬರಿಗೂ ಝೈಲೋಕೇನ್ ಎಂಬ ಹೆಸರಿನಲ್ಲಿ ಇದರ ಪರಿಚಯವಿದೆ. 1957ರಲ್ಲಿ ಅದೇ ಸ್ವೀಡನ್ನಿನಲ್ಲಿ ಬುಪಿವಕೇನ್ ತಯಾರಾಯಿತು. ಲಿಡೋಕೇನಿನ ಪ್ರಭಾವ ಒಂದೆರಡು ಗಂಟೆಯಾದರೆ, ನರದ ಪಕ್ಕ ಕೊಟ್ಟ ಬುಪಿವಕೇನ್ ಹಲವು ಗಂಟೆ, ಕೆಲವೊಮ್ಮೆ ರಾತ್ರಿಯಿಡೀ ನೋವನ್ನು ತಡೆಯಬಲ್ಲದು. ಎಲ್ಲದರ ಕೆಲಸ ಒಂದೇ ಬಗೆಯದು. ನರದಲ್ಲಿ ನೋವಿನ ಸುದ್ದಿ ಸಾಗಬೇಕಾದರೆ ನರತಂತುವಿನ ಹೊರಗಿನ ಸೋಡಿಯಂ ಕಣಗಳು ಒಳಗೆ ನುಗ್ಗಬೇಕು. ಈ ಔಷಧಗಳು ಆ ಕಣಗಳ ದಾರಿಯನ್ನು ಸ್ವಲ್ಪ ಕಾಲ ಮುಚ್ಚುತ್ತವೆ. ಔಷಧ ಕರಗಿದಂತೆ ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆ.

ಹುಬ್ಬಳ್ಳಿಗೆ ಬಂದ ಕಾಲೇಜು

ಬುಪಿವಕೇನ್ ಹುಟ್ಟಿದ 1957ರಲ್ಲಿಯೇ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾಯಿತು. ಅದಕ್ಕೆ ಮೊದಲು ಈ ಭಾಗದ ಹುಡುಗರು ವೈದ್ಯರಾಗಬೇಕಾದರೆ ಮುಂಬಯಿಗೋ ಪುಣೆಗೋ ಹೋಗಬೇಕು. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದವರು ಮಿರಜಿನ ದಾರಿ ಹಿಡಿಯುತ್ತಿದ್ದರು. ಅಲ್ಲಿ ಮಿಷನರಿ ವೈದ್ಯ ವಿಲಿಯಂ ವಾನ್‌ಲೆಸ್ 1894ರಲ್ಲಿ ಕಟ್ಟಿದ ಆಸ್ಪತ್ರೆಯ ಹೆಸರು ಕೃಷ್ಣೆಯ ಎರಡೂ ದಡಗಳಲ್ಲಿ ಹಬ್ಬಿತ್ತು. ಹತ್ತಿರದಲ್ಲಿ ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆ ಇತ್ತು, ಜನರ ಬಾಯಲ್ಲಿ ಅದು ಜರ್ಮನ್ ಆಸ್ಪತ್ರೆ. ಅರಿವಳಿಕೆಯೇ ಒಂದು ಪ್ರತ್ಯೇಕ ಶಾಸ್ತ್ರವೆಂಬ ತಿಳಿವಳಿಕೆ ಆಗಿನ್ನೂ ದೇಶದಲ್ಲಿ ಬೇರೂರುತ್ತಿತ್ತು. ಭಾರತದ ಅರಿವಳಿಕೆ ತಜ್ಞರ ಸಂಘ ಸ್ಥಾಪನೆಯಾದದ್ದೇ 1947ರಲ್ಲಿ.

ಹುಬ್ಬಳ್ಳಿಯ ಕಾಲೇಜು 1996ರಲ್ಲಿ ಸ್ವಾಯತ್ತ ಸಂಸ್ಥೆಯಾಗಿ ಕಿಮ್ಸ್ ಎಂಬ ಹೆಸರು ಪಡೆಯಿತು. 2003ರಲ್ಲಿ ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು ಬಂತು. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳ, ಬಾಗಲಕೋಟೆಗಳ ರೋಗಿಗಳು ಅವಳಿ ನಗರಕ್ಕೆ ಬರುತ್ತಾರೆ. ಹೊಲ, ಗಿರಣಿ, ರಸ್ತೆಗಳಿಂದ ಬರುವ ಅವರಲ್ಲಿ ಎಷ್ಟೋ ಮಂದಿಯ ತೊಂದರೆ ಇರುವುದು ಕಾಲಿನಲ್ಲಿ.

ಐದು ಬಾಗಿಲುಗಳು

ಪಾದದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ನರಗಳು ಐದು. ಒಳಹರಡಿನ ಎಲುಬಿನ ಹಿಂದೆ, ರಕ್ತನಾಳ ಮಿಡಿಯುವ ಕಡೆ ಇಳಿಯುವ ನರ ಅಂಗಾಲು ಮತ್ತು ಹಿಮ್ಮಡಿಯನ್ನು ನೋಡಿಕೊಳ್ಳುತ್ತದೆ. ಐದರಲ್ಲಿ ದೊಡ್ಡದು ಇದೇ. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದು, ಅಂದರೆ ಚಪ್ಪಲಿಯ ಪಟ್ಟಿ ಕೂರುವ ಜಾಗ, ಎರಡನೆಯ ನರದ ಪಾಲು. ಪಾದದ ಮೇಲ್ಭಾಗ ಮೂರನೆಯದಕ್ಕೆ, ಕಿರುಬೆರಳಿನ ಕಡೆಯ ಅಂಚು ನಾಲ್ಕನೆಯದಕ್ಕೆ ಸೇರಿದ್ದು. ಕಾಲ್ಗೆಜ್ಜೆ ಒಳಗಡೆ ತಾಗುವ ಜಾಗ ಐದನೆಯದರ ಸುಪರ್ದಿಯಲ್ಲಿದೆ. ಮೊದಲ ನಾಲ್ಕು ತೊಡೆಯ ಹಿಂದೆ ಇಳಿಯುವ ಸಯಾಟಿಕ್ ನರದ ಕವಲುಗಳು. ಸೊಂಟದಿಂದ ಕಾಲಿಗೆ ಎಳೆಯುವ ನೋವಿಗೆ ಜನ ಸಯಾಟಿಕಾ ಎನ್ನುವುದು ಈ ನರದಿಂದಲೇ. ಐದನೆಯದು ಮಾತ್ರ ತೊಡೆಯ ಮುಂಭಾಗದ ನರದಿಂದ ಬರುತ್ತದೆ.

ಇಡೀ ಪಾದ ಮರಗಟ್ಟಬೇಕಾದರೆ ಐದೂ ಬಾಗಿಲು ಮುಚ್ಚಬೇಕು. ಒಂದೇ ಬೆರಳಿನ ಕೆಲಸವಾದರೆ ಅದಕ್ಕೆ ಸಂಬಂಧಿಸಿದವು ಸಾಕು. ಹರಡಿಗಿಂತ ಮೇಲಿನ ಕೆಲಸವಿದ್ದರೆ ಮೊಣಕಾಲಿನ ಹಿಂದಿನ ಗುಳಿಯಲ್ಲಿ, ಸಯಾಟಿಕ್ ನರ ಕವಲೊಡೆಯುವ ಕಡೆ ಔಷಧ ಕೊಡುತ್ತಾರೆ. ಮೊದಲು ಹೋಗುವುದು ಬಿಸಿ ತಣ್ಣನೆಯ ಅರಿವು ಮತ್ತು ನೋವು, ಆಮೇಲೆ ಮುಟ್ಟಿದ ಅರಿವು. ಯಾರೋ ಕಾಲು ಹಿಡಿದಿದ್ದಾರೆ ಎಂದು ತಿಳಿದರೂ ಕೊಯ್ಯುವುದು ತಿಳಿಯದಿರುವುದು ಇದರಿಂದಲೇ. ಔಷಧ ಹಿಡಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಅವಸರ ಮಾಡಿದರೆ ಬ್ಲಾಕ್ ಕೆಟ್ಟಿತೆಂಬ ದೂರು ಬರುತ್ತದೆ.

ಚರ್ಮದ ಕೆಳಗೆ ಕಾಣದ ನರವನ್ನು ಸೂಜಿ ಹುಡುಕುವುದು ಹೇಗೆ? ಮೊದಲಿಗೆ ದಾರಿ ತೋರಿಸಿದ್ದು ಎಲುಬಿನ ಉಬ್ಬು ಮತ್ತು ರಕ್ತನಾಳದ ಮಿಡಿತ. 1912ರಲ್ಲಿ ಜರ್ಮನಿಯ ಪೆರ್ಥೆಸ್ ಸೂಜಿಯ ಮೂಲಕ ಸಣ್ಣ ವಿದ್ಯುತ್ತು ಹರಿಸಿ, ಸ್ನಾಯು ಅದುರಿದರೆ ನರ ಹತ್ತಿರವಿದೆ ಎಂದು ತಿಳಿಯುವ ಉಪಾಯ ಹೇಳಿದರು. 1990ರ ದಶಕದಲ್ಲಿ ವಿಯೆನ್ನಾದ ವೈದ್ಯರು ಅಲ್ಟ್ರಾಸೌಂಡ್ ಪರದೆಯ ಮೇಲೆ ಸೂಜಿಯ ಮೊನೆಯನ್ನು ಕಣ್ಣಾರೆ ನೋಡುತ್ತ ಔಷಧ ಕೊಡುವುದನ್ನು ರೂಢಿಗೆ ತಂದರು. ನಮ್ಮ ದೇಶದಲ್ಲಿ ಈ ಯಂತ್ರಕ್ಕೆ ಇನ್ನೊಂದು ಮುಖವೂ ಉಂಟು. ಹೆಣ್ಣು ಭ್ರೂಣಗಳ ಹತ್ಯೆ ತಡೆಯಲು 1994ರಲ್ಲಿ ಬಂದ ಕಾಯಿದೆಯಿಂದಾಗಿ ಅಲ್ಟ್ರಾಸೌಂಡ್ ಯಂತ್ರವಿರುವ ಕಡೆಯೆಲ್ಲ ನೋಂದಣಿ ಬೇಕು, ದಾಖಲೆ ಬೇಕು. ನರ ಹುಡುಕುವ ಅರಿವಳಿಕೆ ತಜ್ಞರಿಗೂ ಆ ನಿಯಮಗಳು ತಾಗುತ್ತವೆ. ಆದರೆ ಹರಡಿನ ಬ್ಲಾಕ್ ಯಂತ್ರವಿಲ್ಲದೆಯೂ ಆಗುವ ಕೆಲಸ. ನರಗಳು ಚರ್ಮಕ್ಕೆ ಹತ್ತಿರವಿವೆ, ಎಲುಬು ಕೈಗೆ ಸಿಗುತ್ತದೆ. ಸಿರಿಂಜು, ಔಷಧ, ಅಂಗರಚನೆಯ ಜ್ಞಾನ ಮತ್ತು ತುರ್ತಿನ ಸಿದ್ಧತೆ ಇದ್ದರೆ ತಾಲೂಕು ಆಸ್ಪತ್ರೆಯಲ್ಲೂ ಸಾಧ್ಯ.

ಸಿದ್ಧತೆಯ ಮಾತು ಸುಮ್ಮನೆ ಬಂದದ್ದಲ್ಲ. ಔಷಧ ನರದ ಬದಲು ರಕ್ತನಾಳಕ್ಕೆ ಹೋದರೆ, ಅಥವಾ ಪ್ರಮಾಣ ಮೀರಿದರೆ, ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು. ಆದ್ದರಿಂದಲೇ ಚುಚ್ಚಿದ ಮೇಲೆ ಸಿರಿಂಜನ್ನು ಹಿಂದಕ್ಕೆ ಎಳೆದು ರಕ್ತ ಬರುವುದೇ ಎಂದು ನೋಡಿ, ಸ್ವಲ್ಪ ಸ್ವಲ್ಪವೇ ಔಷಧ ಬಿಡುತ್ತಾರೆ. ಇಂಥ ಅವಘಡದಲ್ಲಿ ಕೊಬ್ಬಿನಂಶದ ದ್ರಾವಣವನ್ನು ರಕ್ತಕ್ಕೆ ಕೊಟ್ಟು ರೋಗಿಯನ್ನು ಉಳಿಸಿದ ಮೊದಲ ವರದಿ 2006ರಲ್ಲಿ ಪ್ರಕಟವಾಯಿತು.

ಯಾರಿಗೆ ಈ ಸೂಜಿ?

ಮುಳ್ಳು ನಟ್ಟ ಗಟ್ಟಿ ದೇಹದ ಯುವಕನಿಗೆ ಪೂರ್ಣ ಅರಿವಳಿಕೆಯಾದರೂ ಬೆನ್ನಿನ ಸೂಜಿಯಾದರೂ ನಡೆದೀತು. ಇಂದಿನ ಔಷಧಗಳು ಹ್ಯಾನಾಳ ಕಾಲದವಲ್ಲ. ಬ್ಲಾಕಿನ ನಿಜವಾದ ಬೆಲೆ ತಿಳಿಯುವುದು ಸಕ್ಕರೆ ಕಾಯಿಲೆಯ ಮುದುಕರಲ್ಲಿ. ಹೆಬ್ಬೆರಳು ಕಪ್ಪಾಗಿ ಕೊಳೆಯುತ್ತಿದೆ, ಇಂದೇ ತೆಗೆಯದಿದ್ದರೆ ನಂಜು ಮೇಲೇರುತ್ತದೆ. ಆದರೆ ಹೃದಯ ದುರ್ಬಲ, ಮೂತ್ರಪಿಂಡ ಸೋತಿದೆ. ಪೂರ್ಣ ಅರಿವಳಿಕೆ ಕೊಟ್ಟರೆ ಏಳುವ ಭರವಸೆ ಕಡಿಮೆ. ಬೆನ್ನಿಗೆ ಕೊಟ್ಟರೆ ರಕ್ತದೊತ್ತಡ ಕುಸಿಯಬಹುದು. ರಕ್ತ ತೆಳ್ಳಗಾಗಿಸುವ ಗುಳಿಗೆ ನುಂಗುತ್ತಿದ್ದರೆ ಬೆನ್ನುಹುರಿಯ ಸುತ್ತ ರಕ್ತ ಕಟ್ಟುವ ಭಯವೂ ಉಂಟು. ಇಂಥವರಿಗೆ ಹರಡಿನ ಸುತ್ತ ಕೊಟ್ಟ ಔಷಧ ಹೃದಯದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಒಂದು ಬೆರಳಿಗಾಗಿ ಇಡೀ ಜೀವವನ್ನು ಪಣಕ್ಕಿಡಬೇಕೆ ಎಂಬ 1848ರ ಪ್ರಶ್ನೆಗೆ ಉತ್ತರ ಇಲ್ಲಿದೆ. ಮನೆಯವರಿಗೆ ಬಾಗಿಲ ಹೊರಗೆ ಕೂತಾಗ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಒಳಗಿನಿಂದ ಅಪ್ಪನ ಮಾತು ಕೇಳಿಸುತ್ತಿರುತ್ತದೆ.

ನೋವೇ ಇಲ್ಲದ ಪಾದ

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ವೈದ್ಯರು ಸೂಜಿ ಹಿಡಿದು ಹುಡುಕುವ ಒಳಹರಡಿನ ಅದೇ ನರವನ್ನು, ಅದೇ ಜಾಗದಲ್ಲಿ, ಒಂದು ರೋಗಾಣುವೂ ಹುಡುಕಿಕೊಂಡಿದೆ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕಂಡುಹಿಡಿದ ಕುಷ್ಠದ ರೋಗಾಣು ದೇಹದ ತಂಪಾದ ಭಾಗಗಳ ನರಗಳಲ್ಲಿ ನೆಲೆಯೂರುತ್ತದೆ. ಆ ನರ ಹಾಳಾದರೆ ಅಂಗಾಲು ಶಾಶ್ವತವಾಗಿ ಮರಗಟ್ಟುತ್ತದೆ. ವೆಲ್ಲೂರಿನಲ್ಲಿ 1946ರಿಂದ ಕೆಲಸ ಮಾಡಿದ ಡಾ. ಪಾಲ್ ಬ್ರಾಂಡ್ ಇದರ ಒಳಗುಟ್ಟನ್ನು ತಿಳಿಸಿಕೊಟ್ಟರು. ಕುಷ್ಠ ರೋಗಿಗಳ ಬೆರಳು ರೋಗದಿಂದ ತಾನಾಗಿ ಉದುರುವುದಿಲ್ಲ. ನೋವಿಲ್ಲದ್ದರಿಂದ ಮುಳ್ಳು ನಟ್ಟದ್ದು, ಕೆಂಡ ತುಳಿದದ್ದು, ಚಪ್ಪಲಿ ಕಡಿದದ್ದು ತಿಳಿಯದೆ, ಅದೇ ಗಾಯದ ಮೇಲೆ ನಡೆದು ನಡೆದು ಪಾದ ಸವೆಯುತ್ತದೆ. ಹಿಲ್ಡೆಬ್ರಾಂಟನ ಊದಿದ ಕಾಲು ಹೇಳಿದ್ದೂ ಇದನ್ನೇ.

1982ರಿಂದ ಬಂದ ಬಹುಔಷಧ ಚಿಕಿತ್ಸೆ ಕುಷ್ಠವನ್ನು ಹಿಂದಕ್ಕೆ ಸರಿಸಿತು. ಅದು ಬಿಟ್ಟ ಜಾಗದಲ್ಲಿ ಈಗ ಸಕ್ಕರೆ ಕಾಯಿಲೆ ಕೂತಿದೆ. ವರ್ಷಗಟ್ಟಲೆ ಹತೋಟಿ ತಪ್ಪಿದ ಸಕ್ಕರೆ ಪಾದದ ನರಗಳನ್ನು ತುದಿಯಿಂದ ಒಣಗಿಸುತ್ತ ಬರುತ್ತದೆ. ಹೊಲಕ್ಕೆ ಬರಿಗಾಲಲ್ಲಿ ಹೋದವರಿಗೆ ಮುಳ್ಳು ನಟ್ಟದ್ದು ಮೂರು ದಿನವಾದ ಮೇಲೆ, ಕೀವಿನ ವಾಸನೆಯಿಂದ ತಿಳಿಯುತ್ತದೆ. ‘ನೋವ ಇರಲಿಲ್ಲರೀ, ಅದಕ್ಕ ಬರಲಿಲ್ಲ’ ಎಂಬ ಮಾತಿಗೆ ವೈದ್ಯರ ಬಳಿ ಉತ್ತರವಿಲ್ಲ. ದಿನಕ್ಕೊಮ್ಮೆ ಅಂಗಾಲನ್ನು ಕಣ್ಣಿನಿಂದ ನೋಡಿಕೊಳ್ಳಿ, ಬರಿಗಾಲಲ್ಲಿ ನಡೆಯಬೇಡಿ, ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬೇಡಿ ಎಂದು ಹೇಳುವುದು ಇದಕ್ಕಾಗಿ. ನರ ಹೇಳದಿದ್ದದ್ದನ್ನು ಕಣ್ಣು ಹೇಳಬೇಕು.

ಬ್ಲಾಕ್ ಪಡೆದವರೂ ಕೆಲವು ಗಂಟೆ ಇದೇ ಸ್ಥಿತಿಯಲ್ಲಿರುತ್ತಾರೆ. ಮರಗಟ್ಟಿದ ಪಾದವನ್ನು ಊರಿ ನಡೆಯಬಾರದು, ಬಿಸಿನೀರಿನ ಚೀಲ ಇಡಬಾರದು. ಔಷಧ ಇಳಿಯುವ ಹೊತ್ತು ಸಾಮಾನ್ಯವಾಗಿ ನಡುರಾತ್ರಿ. ನೋವು ಶುರುವಾಗುವ ಮೊದಲೇ ಕೊಟ್ಟ ಗುಳಿಗೆ ನುಂಗಬೇಕು. ಮೊದಲು ಜೋಮು ಹಿಡಿದಂತೆ ಆಗುತ್ತದೆ, ಆಮೇಲೆ ಹೊದಿಕೆ ತಾಗಿದ್ದು ತಿಳಿಯುತ್ತದೆ, ಕೊನೆಗೆ ಗಾಯ ತನ್ನ ಇರವನ್ನು ಹೇಳುತ್ತದೆ. ಬೆಳಿಗ್ಗೆ ಬರುವ ವೈದ್ಯರು ರೋಗಿಯ ಬೆರಳು ಮುಟ್ಟಿ ‘ಗೊತ್ತಾಗತದೇನ್ರಿ?’ ಎಂದು ಕೇಳುತ್ತಾರೆ. ಹೌದು ಎಂಬ ಉತ್ತರ ಬಂದರೆ ಅವರಿಗೆ ಸಮಾಧಾನ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ಗಾದೆ ಹೇಳುತ್ತದೆ. ನೋವನ್ನು ಸೂಜಿಯ ಮೊನೆಯಿಂದ ತೆಗೆಯಲು ವೈದ್ಯರು ಕಲಿತಿದ್ದಾರೆ. ತೆಗೆದ ನೋವನ್ನು ಬೆಳಗಾಗುವುದರೊಳಗೆ ಪಾದಕ್ಕೆ ಹಿಂದಿರುಗಿಸುವುದೂ ಆ ಸೂಜಿಯ ಗುಣವೇ.